ಮನೆಯೂ ಒಂದು ಔಷಧ: ಬೀದಿಯಲ್ಲಿ ಬೆಳೆಯುವ ಮಕ್ಕಳ ಹೃದಯದ ಬಗ್ಗೆ ಎರಡು ಮಾತು



ಕಳೆದ ವಾರದ ಬಿ.ಪಿ. ಲೇಖನಕ್ಕೆ ಬಂದ ಪ್ರಶ್ನೆಗಳಿಗೆಲ್ಲ ಮುಂದಿನ ವಾರ ಉತ್ತರ ಬರೆಯುತ್ತೇನೆ. ಈ ವಾರ ಸ್ವಲ್ಪ ಬೇರೆ ವಿಷಯ. ಇದರಲ್ಲಿ ಕೊಲೆಸ್ಟ್ರಾಲ್ ಇಲ್ಲ, ವಾಕಿಂಗ್ ಇಲ್ಲ, ಉಪ್ಪು ಕಡಿಮೆ ಮಾಡಿ ಎಂಬ ಮಾತೂ ಇಲ್ಲ. ಆದರೆ ಹೃದಯದ ವಿಷಯವೇ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪುರುಸೊತ್ತು ಮಾಡಿಕೊಂಡು ಕೊನೆಯವರೆಗೆ ಓದಿ.

ನಾನು ಹೈದರಾಬಾದಿನಲ್ಲಿ ಹೃದ್ರೋಗ ವೈದ್ಯ. ಕನ್ನಡ ಮಾತಾಡುವ ಡಾಕ್ಟರ್ ಇದ್ದಾರೆ ಎಂದು ಗೊತ್ತಾದರೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ಹುಡುಕಿಕೊಂಡು ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಹಾಗೆಯೇ ಒಬ್ಬ ಹುಡುಗ ಬಂದ. ವಯಸ್ಸು ಹದಿನೇಳೂವರೆ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಮದುವೆಯ ಫಂಕ್ಷನ್ ಹಾಲ್‌ಗಳಲ್ಲಿ ಕೇಟರಿಂಗ್ ಕೆಲಸ. ತಟ್ಟೆ ಎತ್ತುವುದು, ಪಾತ್ರೆ ಹೊರುವುದು. ಒಂದು ಮಹಡಿ ಹತ್ತಿದರೆ ದಮ್ಮು ಬರುತ್ತದೆ ಎಂದು ಕೇಟರಿಂಗ್ ಮೇಸ್ತ್ರಿಯೇ ಕರೆತಂದಿದ್ದರು.

ಎದೆಗೆ ಸ್ಟೆತಸ್ಕೋಪ್ ಇಟ್ಟಾಗಲೇ ಅರ್ಧ ಗೊತ್ತಾಯಿತು. ಎಕೋ ಮಾಡಿದಾಗ ಪೂರ್ತಿ ಗೊತ್ತಾಯಿತು. ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ ಕಿರಿದಾಗಿತ್ತು. ರುಮ್ಯಾಟಿಕ್ ಹೃದ್ರೋಗ. ಪ್ರತಿ 21 ದಿನಕ್ಕೆ ಒಂದು ಪೆನಿಸಿಲಿನ್ ಇಂಜೆಕ್ಷನ್, ಬೆಳಿಗ್ಗೆ ಮತ್ತು ರಾತ್ರಿ ಗುಳಿಗೆ ಎಂದು ಬರೆದುಕೊಟ್ಟೆ. ಅವನು ತಲೆಯಾಡಿಸಿದ. ಬಾಗಿಲ ತನಕ ಹೋಗಿ ತಿರುಗಿ ಕೇಳಿದ:

"ಸಾಹೇಬ್ರ, ಗುಳಗಿ ಎಲ್ಲಿ ಇಟ್ಕೊಳ್ಳೋದ್ರೀ?"

"ಬಿಸಿಲು ಬೀಳದ ಕಡೆ, ತಣ್ಣಗಿರೋ ಜಾಗದಲ್ಲಿ ಇಡಪ್ಪ" ಎಂದೆ. ಅವನು "ಹೂಂ ರೀ" ಎಂದು ಹೊರಟುಹೋದ.

ಆ ಪ್ರಶ್ನೆಯ ಅರ್ಥ ನನಗೆ ತಿಳಿಯಲು ಎಂಟು ತಿಂಗಳು ಬೇಕಾಯಿತು.

*ಮೊದಲು ಈ ಕಾಯಿಲೆ ಏನು ಎಂದು ತಿಳಿಯೋಣ*

ಮಕ್ಕಳಿಗೆ ಗಂಟಲು ನೋವು ಬರುವುದು ಸಾಮಾನ್ಯ. ಹೆಚ್ಚಿನ ಸಲ ಅದು ವೈರಸ್, ತಾನಾಗಿಯೇ ಹೋಗುತ್ತದೆ. ಆದರೆ ಕೆಲವು ಸಲ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಇದಕ್ಕೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ, ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. ಹೆಚ್ಚಾಗಿ 5ರಿಂದ 15 ವಯಸ್ಸಿನೊಳಗೆ. ಇಂದು ಮಂಡಿ ನೋವು, ನಾಳೆ ಹಿಮ್ಮಡಿಯ ಗಂಟು, ನಾಡಿದ್ದು ಮೊಣಕೈ. ನೋವು ಜಾಗ ಬದಲಿಸುತ್ತ ಹೋಗಿ ಒಂದು ದಿನ ಮಾಯವಾಗುತ್ತದೆ. ಮನೆಯವರು "ಬೆಳೆಯೋ ವಯಸ್ಸು, ಕಾಲು ನೋವು" ಎಂದು ಸುಮ್ಮನಾಗುತ್ತಾರೆ. ಆದರೆ ದೇಹ ಬ್ಯಾಕ್ಟೀರಿಯಾ ವಿರುದ್ಧ ಮಾಡಿಕೊಂಡ ಆಯುಧ ತನ್ನದೇ ಹೃದಯದ ಕವಾಟಕ್ಕೆ ಪೆಟ್ಟು ಕೊಟ್ಟಿರುತ್ತದೆ. ಕೀಲುಗಳನ್ನು ಸವರಿ ಹೋಗುವ ಈ ಜ್ವರ ಹೃದಯವನ್ನು ಮಾತ್ರ ಕಚ್ಚಿ ಹೋಗುತ್ತದೆ ಎಂದು ವೈದ್ಯರಲ್ಲಿ ಹಳೆಯ ಮಾತೊಂದಿದೆ.

ಇದು ಒತ್ತೊತ್ತಾಗಿ ಮಲಗುವವರ ಕಾಯಿಲೆ. ಒಂದೇ ಕೋಣೆಯಲ್ಲಿ ಹತ್ತು ಜನ, ಒಂದೇ ಚಾಪೆಯಲ್ಲಿ ನಾಲ್ಕು ಮಕ್ಕಳು ಇರುವ ಕಡೆ ಈ ಬ್ಯಾಕ್ಟೀರಿಯಾ ಸುಲಭವಾಗಿ ಹರಡುತ್ತದೆ. ಮುಂದುವರಿದ ದೇಶಗಳಲ್ಲಿ ಈ ರೋಗ ಬಹುಮಟ್ಟಿಗೆ ಕಡಿಮೆಯಾಗಿದ್ದಕ್ಕೆ ಪೆನಿಸಿಲಿನ್ ಎಷ್ಟು ಕಾರಣವೋ ಒಳ್ಳೆಯ ಮನೆಗಳೂ ಅಷ್ಟೇ ಕಾರಣ. ಅಲ್ಲಿ ಪೆನಿಸಿಲಿನ್ ಬರುವ ಮೊದಲೇ ಇದು ಇಳಿಮುಖವಾಗಿತ್ತು.

ಒಮ್ಮೆ ಬಂದವರಿಗೆ ಮತ್ತೆ ಮತ್ತೆ ಬರಬಹುದು. ಪ್ರತಿ ಸಲವೂ ಕವಾಟ ಇನ್ನಷ್ಟು ಕೆಡುತ್ತದೆ. ಹಾಗಾಗದಂತೆ ತಡೆಯಲು ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, 3ರಿಂದ 4 ವಾರಕ್ಕೊಮ್ಮೆ. ಹೃದಯಕ್ಕೆ ಪೆಟ್ಟು ಬಿದ್ದವರಿಗೆ ಕನಿಷ್ಠ 10 ವರ್ಷ. ಕವಾಟ ಬಹಳ ಕೆಟ್ಟಿದ್ದರೆ 40 ವಯಸ್ಸಿನವರೆಗೆ, ಕೆಲವರಿಗೆ ಜೀವನಪೂರ್ತಿ. 21 ದಿನಕ್ಕೊಂದು ಎಂದರೆ ವರ್ಷಕ್ಕೆ 17 ಇಂಜೆಕ್ಷನ್, ಹತ್ತು ವರ್ಷಕ್ಕೆ 170ಕ್ಕೂ ಹೆಚ್ಚು. ಔಷಧ ದುಬಾರಿಯಲ್ಲ. ಕಷ್ಟ ಇರುವುದು ತಪ್ಪದೆ ಬರುವುದರಲ್ಲಿ.

ಈಗ ಯೋಚಿಸಿ. ಮನೆಯೇ ಇಲ್ಲದ ಹುಡುಗ 170 ಸಲ ತಪ್ಪದೆ ಹೇಗೆ ಬರುತ್ತಾನೆ?

*ಎಂಟು ತಿಂಗಳ ನಂತರ*

ಒಂದು ರಾತ್ರಿ ಎಮರ್ಜೆನ್ಸಿಯಿಂದ ಫೋನ್ ಬಂತು. ಹೋಗಿ ನೋಡಿದರೆ ಅದೇ ಹುಡುಗ. ಮಲಗಲು ಆಗುತ್ತಿಲ್ಲ, ಎದ್ದು ಕೂತೇ ಉಸಿರಾಡುತ್ತಿದ್ದಾನೆ. ಶ್ವಾಸಕೋಶದಲ್ಲಿ ನೀರು ತುಂಬಿದೆ. ಹೃದಯ ತಾಳ ತಪ್ಪಿ ಹೊಡೆದುಕೊಳ್ಳುತ್ತಿದೆ. ಇದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತೇವೆ. ಈ ಸ್ಥಿತಿಯಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಮೆದುಳಿಗೆ ಹೋದರೆ ಪಾರ್ಶ್ವವಾಯು. ಹದಿನೆಂಟರ ಹುಡುಗನಿಗೆ!

ಅವನು ಚೇತರಿಸಿಕೊಂಡ ಮೇಲೆ ವಿಷಯ ಒಂದೊಂದಾಗಿ ಹೊರಬಂತು. ಇಂಜೆಕ್ಷನ್ ತೆಗೆದುಕೊಂಡದ್ದು ಮೂರೇ ಸಲ. ರಾತ್ರಿ ಮಲಗುತ್ತಿದ್ದದ್ದು ರೈಲ್ವೆ ಸ್ಟೇಷನ್ ಹೊರಗೆ. ಗುಳಿಗೆ, ಫೈಲು ಇದ್ದ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿದರೂ ಎರಡು ಸಲ ಕಳ್ಳತನವಾಯಿತು. ಮೂರನೇ ಸಲ ಮಳೆಗೆ ನೆನೆದು ಗುಳಿಗೆಯೆಲ್ಲ ಹಿಟ್ಟಾಯಿತು. ಫೈಲ್ ಇಲ್ಲದೆ ಬಂದರೆ ಡಾಕ್ಟರ್ ಬೈಯುತ್ತಾರೆ ಎಂದು ಬರುವುದನ್ನೇ ಬಿಟ್ಟ. ಮದುವೆ ಸೀಸನ್‌ನಲ್ಲಿ ಮೇಸ್ತ್ರಿ ಜೊತೆ ಊರೂರು ಸುತ್ತಿದ. "ಆರಾಮ ಐತಿ" ಅನಿಸಿತು, ಅಷ್ಟೇ.

"ಗುಳಗಿ ಎಲ್ಲಿ ಇಟ್ಕೊಳ್ಳೋದ್ರೀ" ಎಂದು ಅವನು ಕೇಳಿದ್ದು ಬಿಸಿಲು ನೆರಳಿನ ಪ್ರಶ್ನೆಯಾಗಿರಲಿಲ್ಲ. ಅವನಿಗೆ ಇಡಲು ಜಾಗವೇ ಇರಲಿಲ್ಲ.

*ನಾನು ಮಾಡಿದ ತಪ್ಪು*

ಇದನ್ನು ಹೇಳಲೇಬೇಕು. ಮೊದಲ ದಿನ ಅವನಿಗೆ ಇಪ್ಪತ್ತು ಪ್ರಶ್ನೆ ಕೇಳಿದ್ದೆ. ಜ್ವರ ಬಂದಿತ್ತಾ, ಕೀಲು ನೋವು ಇತ್ತಾ, ಬೀಡಿ ಸಿಗರೇಟು ಸೇದುತ್ತೀಯಾ. "ರಾತ್ರಿ ಎಲ್ಲಿ ಮಲಗುತ್ತೀಯಪ್ಪಾ?" ಎಂದು ಕೇಳಲಿಲ್ಲ. ವಿಳಾಸದ ಜಾಗದಲ್ಲಿ ಬರೀ ಮೇಸ್ತ್ರಿಯ ಫೋನ್ ನಂಬರ್ ಇತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಆಗ ಅವನಿಗೆ 18 ತುಂಬಿರಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮನೆ, ಆಸರೆ ಇಲ್ಲದ 18ರೊಳಗಿನವರು "ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು". ನಾನು 1098ಕ್ಕೆ ಒಂದು ಫೋನ್ ಮಾಡಿದ್ದರೆ, 24 ಗಂಟೆಯೊಳಗೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯುತ್ತಿದ್ದರು. ಉಳಿಯಲು ಜಾಗ, ಕಾಗದಪತ್ರ, ಮುಂದಿನ ದಾರಿ ಎಲ್ಲದಕ್ಕೂ ಒಂದು ಬಾಗಿಲು ತೆರೆಯುತ್ತಿತ್ತು. ಎಂಟು ತಿಂಗಳ ನಂತರ ಬರುವಷ್ಟರಲ್ಲಿ ಅವನಿಗೆ 18 ವರ್ಷ 2 ತಿಂಗಳು. ಆ ಬಾಗಿಲು ಮುಚ್ಚಿತ್ತು. ಅದು ಹೇಗೆಂದು ಮುಂದೆ ಹೇಳುತ್ತೇನೆ.

*ಬೀದಿ ಹೃದಯಕ್ಕೆ ಏನು ಮಾಡುತ್ತದೆ?*

2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು ಎಂದು ಲೆಕ್ಕಕ್ಕೆ ಸಿಕ್ಕವರು ಸುಮಾರು 17.7 ಲಕ್ಷ. ಅದರಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ನಗರಗಳಲ್ಲಿ. ನಮ್ಮ ಹೈದರಾಬಾದಿನಲ್ಲಿ ಸಿಕಂದರಾಬಾದ್, ನಾಂಪಲ್ಲಿ, ಕಾಚಿಗುಡ ಸ್ಟೇಷನ್‌ಗಳ ಸುತ್ತ, ಯೂಸುಫೈನ್ ದರ್ಗಾದ ಹತ್ತಿರ, ಫ್ಲೈಓವರ್‌ಗಳ ಕೆಳಗೆ ಇವರನ್ನು ನೀವೂ ನೋಡಿರುತ್ತೀರಿ. ಕೆಲವರು ಕುಟುಂಬ ಸಮೇತ ಬೀದಿಯಲ್ಲಿರುವವರು. ಕೆಲವರು ಮನೆಯಲ್ಲಿ ಹೊಡೆತ ತಾಳಲಾರದೆ ರೈಲು ಹತ್ತಿದವರು. ಅಪ್ಪ ಅಮ್ಮ ಇಬ್ಬರೂ ಇಲ್ಲದವರೂ ಇದ್ದಾರೆ. ಇವರ ಹೃದಯದ ಮೇಲೆ ಆಗುವ ಪರಿಣಾಮ ಇಷ್ಟು:

1. *ನಿದ್ದೆ.* ಬೀದಿಯಲ್ಲಿ ಯಾರೂ ಪೂರ್ತಿ ಮಲಗುವುದಿಲ್ಲ. ಹೆಣ್ಣುಮಕ್ಕಳಂತೂ ರಾತ್ರಿಯಿಡೀ ಎಚ್ಚರವಿದ್ದು ಹಗಲು ಹೊತ್ತು ಜನ ಓಡಾಡುವ ಕಡೆ ಮಲಗುತ್ತಾರೆ. ನಿದ್ದೆ ಕೆಟ್ಟರೆ ಅಡ್ರಿನಲಿನ್ ಇಳಿಯುವುದಿಲ್ಲ. ನಾಡಿ, ಬಿ.ಪಿ. ಎರಡೂ ಏರಿಕೊಂಡೇ ಇರುತ್ತವೆ.

2. *ಸೊಲ್ಯೂಷನ್, ವೈಟ್ನರ್.* ಪಂಕ್ಚರ್ ಹಾಕುವ ಅಂಟು, ಥಿನ್ನರ್ ಬಟ್ಟೆಗೆ ಹಾಕಿ ಮೂಸುವ ಹುಡುಗರನ್ನು ಕಂಡಿರುತ್ತೀರಿ. ಹಸಿವು, ಚಳಿ, ಭಯ ಮೂರೂ ಮರೆಯುತ್ತವೆ ಎಂದು ಅವರೇ ಹೇಳುತ್ತಾರೆ. ಇದರಲ್ಲಿರುವ ಟೊಲ್ಯೂನ್‌ನಂಥ ದ್ರಾವಕಗಳು ಹೃದಯವನ್ನು ಅಡ್ರಿನಲಿನ್‌ಗೆ ಅತಿ ಸೂಕ್ಷ್ಮವಾಗಿಸುತ್ತವೆ. ಮೂಸಿದ ತಕ್ಷಣ ಗಾಬರಿಯಾಗಿ ಓಡಿದರೆ ಹೃದಯ ತಾಳ ತಪ್ಪಿ ಅಲ್ಲೇ ನಿಂತುಹೋಗಬಹುದು. ಆದ್ದರಿಂದ ಮೂಸುತ್ತಿರುವ ಹುಡುಗನನ್ನು ಕೋಲು ಹಿಡಿದು ಓಡಿಸಬೇಡಿ. ಇದು ಕರುಣೆಯ ಮಾತು ಮಾತ್ರವಲ್ಲ, ವೈದ್ಯಕೀಯ ಸಲಹೆ.

3. *ಹೊತ್ತಿಲ್ಲದ ಊಟ.* ಹೈದರಾಬಾದಿನಲ್ಲಿ 2014ರಿಂದ 5 ರೂಪಾಯಿ ಊಟದ ಕೇಂದ್ರಗಳಿವೆ. ದರ್ಗಾ, ದೇವಸ್ಥಾನ, ಗುರುದ್ವಾರಗಳಲ್ಲೂ ಊಟ ಸಿಗುತ್ತದೆ. ಹೊಟ್ಟೆ ತುಂಬುವುದು ಹೇಗೋ ಆಗುತ್ತದೆ. ಆದರೆ ಹೊತ್ತು, ಪ್ರಮಾಣ ಒಂದೇ ಸಮ ಇರುವುದಿಲ್ಲ. ಕವಾಟದ ರೋಗಿಗಳು ನುಂಗುವ ವಾರ್ಫರಿನ್ ಎಂಬ ರಕ್ತ ತೆಳುವಾಗಿಸುವ ಗುಳಿಗೆಗೆ ಇದೇ ದೊಡ್ಡ ತೊಂದರೆ. ಸೊಪ್ಪು ಒಂದು ವಾರ ಹೆಚ್ಚು, ಒಂದು ವಾರ ಇಲ್ಲವೇ ಇಲ್ಲ ಎಂದಾದರೆ ಔಷಧದ ಪ್ರಭಾವ ಏರಿಳಿಯುತ್ತದೆ. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಆಗಾಗ ಐ.ಎನ್.ಆರ್. ರಕ್ತಪರೀಕ್ಷೆ ಮಾಡಿಸಲೇಬೇಕು. ಪರೀಕ್ಷೆ ಬೇಡದ ಹೊಸ ಗುಳಿಗೆಗಳಿವೆಯಲ್ಲ ಎಂದು ಕೇಳಬಹುದು. ಈ ರುಮ್ಯಾಟಿಕ್ ಕಾಯಿಲೆಯಲ್ಲಿ ಹಳೆಯ ಔಷಧವೇ ಮೇಲು ಎಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ.

4. *ಬಾಲ್ಯದ ಏಟು.* 1998ರಲ್ಲಿ ಅಮೆರಿಕದಲ್ಲಿ ಸಾವಿರಾರು ಜನರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಬಾಲ್ಯದಲ್ಲಿ ಹೊಡೆತ, ದೌರ್ಜನ್ಯ, ಮನೆಯಲ್ಲಿ ಕುಡಿತದಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ದೊಡ್ಡವರಾದ ಮೇಲೆ ಹೃದ್ರೋಗ, ಅಂಥ ಕಷ್ಟ ಕಾಣದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಬೀದಿಗೆ ಬಂದ ಮಕ್ಕಳಲ್ಲಿ ಇಂಥ ನಾಲ್ಕನ್ನು ಎಣಿಸಲು ಕಷ್ಟಪಡಬೇಕಾಗಿಲ್ಲ.

5. *ಕಾಗದ.* ತೆಲಂಗಾಣದ ಆರೋಗ್ಯಶ್ರೀ ಯೋಜನೆಯಲ್ಲಿ ಹೃದಯದ ದೊಡ್ಡ ಚಿಕಿತ್ಸೆಗಳೂ ಉಚಿತ. 2023ರ ಡಿಸೆಂಬರ್‌ನಲ್ಲಿ ಮಿತಿಯನ್ನು 10 ಲಕ್ಷಕ್ಕೆ ಏರಿಸಿದರು. ಬಡವರ ಪಾಲಿಗೆ ನಿಜಕ್ಕೂ ದೊಡ್ಡ ವರ. ಆದರೆ ಅದಕ್ಕೆ ರೇಷನ್ ಕಾರ್ಡ್ ಆಧಾರ. ರೇಷನ್ ಕಾರ್ಡಿಗೆ ವಿಳಾಸ ಬೇಕು. ವಿಳಾಸಕ್ಕೆ ಮನೆ ಬೇಕು.

*ಹಾಗಾದರೆ ರಾತ್ರಿ ತಂಗುದಾಣ ಸಾಕಲ್ಲವೇ?*

ತಂಗುದಾಣಗಳು ಬೇಕೇ ಬೇಕು. ಸುಪ್ರೀಂ ಕೋರ್ಟಿನ 2010ರ ಆದೇಶಗಳ ನಂತರ ನಗರಗಳು ಎಚ್ಚೆತ್ತವು. ಕೇಂದ್ರದ ನಗರ ಜೀವನೋಪಾಯ ಯೋಜನೆಯ ನಿಯಮದಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ 100 ಜನರಿಗೆ ಜಾಗವಿರುವ, ದಿನದ 24 ಗಂಟೆಯೂ ತೆರೆದಿರುವ ಒಂದು ಆಶ್ರಯ ಇರಬೇಕು ಎಂದಿತ್ತು. ತಲಾ 50 ಚದರ ಅಡಿ ಜಾಗ, ನೀರು, ಶೌಚಾಲಯ ಇರಬೇಕು ಎಂದೂ ಇತ್ತು. ಹೈದರಾಬಾದ್ ಮಹಾನಗರ ಪಾಲಿಕೆಯೂ ಸಂಸ್ಥೆಗಳ ಜೊತೆ ಸೇರಿ ಇಂಥ ಆಶ್ರಯಗಳನ್ನು ನಡೆಸುತ್ತಿದೆ.

ಆದರೆ ಅಲ್ಲಿ ಮಲಗುವವರು ಹೆಚ್ಚಿನವರು ದೊಡ್ಡವರು. ಕೂಲಿಯವರು, ವಯಸ್ಸಾದವರು, ಕುಡಿತದ ಚಟ ಇರುವವರು. ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಗೆ ಮಲಗುವ ಜಾಗದ ಜೊತೆ ಇನ್ನೂ ಏನೋ ಬೇಕು. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಕ್ಕಳಿಗೆ ನಾವು ಏನೇನು ಮಾಡುತ್ತೇವೆ ನೆನಪಿಸಿಕೊಳ್ಳಿ. ಕಾಲೇಜು ಫೀಸ್ ಕಟ್ಟುತ್ತೇವೆ. ಬ್ಯಾಂಕ್ ಖಾತೆ ಮಾಡಿಸುತ್ತೇವೆ. ಜ್ವರ ಬಂದರೆ ಗಂಜಿ ಕೊಡುತ್ತೇವೆ. ಕೆಲಸ ಬಿಟ್ಟು ಬಂದರೆ ಬೈದು ಮತ್ತೆ ಊಟ ಬಡಿಸುತ್ತೇವೆ. ತಪ್ಪು ಮಾಡಿ ವಾಪಸ್ ಬರಲು ಒಂದು ಜಾಗ ಇದೆ ಎಂಬ ಧೈರ್ಯದ ಮೇಲೆಯೇ ಮಕ್ಕಳು ದೊಡ್ಡವರಾಗುವುದು. ಆಸರೆ ಮನೆ ಎಂದರೆ ಇದು: ಸೂರು, ಜೊತೆಗೆ ಒಬ್ಬ ಹಿರಿಯರು, ಓದು ಅಥವಾ ಕೆಲಸದ ದಾರಿ, ಆರೋಗ್ಯ, ಕಾಗದಪತ್ರ. ಇಷ್ಟೂ ಒಂದೇ ಕಡೆ.

ಹೊಸದೇನಲ್ಲ ಇದು. ಬೆಂಗಳೂರಿನಲ್ಲಿ ಬೋಸ್ಕೋ ಸಂಸ್ಥೆ 1980ರಿಂದ ಬೀದಿ ಮಕ್ಕಳ ಜೊತೆ ಕೆಲಸ ಮಾಡುತ್ತಿದೆ. 1981ರಲ್ಲಿ ಶುರುವಾದ ಅಪ್ಸಾ ಸಂಸ್ಥೆ ಬೆಂಗಳೂರಿನಲ್ಲಿ ನಡೆಸುವ ಮಕ್ಕಳ ಆಸರೆಯ ಹೆಸರೇ "ನಮ್ಮನೆ". ಇದೇ ಅಪ್ಸಾ ಹೈದರಾಬಾದಿನಲ್ಲೂ ಕೆಲಸ ಮಾಡಿದೆ. ಡಾನ್ ಬಾಸ್ಕೊ ನವಜೀವನ ಇಲ್ಲಿದೆ.

ನನಗೆ ಬಹಳ ಹಿಡಿಸಿದ್ದು ರೇನ್‌ಬೋ ಹೋಮ್‌ಗಳ ಉಪಾಯ. ಕೋಲ್ಕತ್ತದ ಸಿಯಾಲ್ದಾದ ಲೊರೆಟೊ ಶಾಲೆಯ ಪ್ರಾಂಶುಪಾಲರಾಗಿದ್ದ ಸಿಸ್ಟರ್ ಸಿರಿಲ್ ತಮ್ಮ ಶಾಲೆಯ ಕಟ್ಟಡದಲ್ಲೇ ಬೀದಿಯ ಹೆಣ್ಣುಮಕ್ಕಳಿಗೆ ಇರಲು ಜಾಗ ಮಾಡಿಕೊಟ್ಟರು. ಹೊಸ ಅನಾಥಾಶ್ರಮ ಕಟ್ಟುವ ಗೋಜಿಲ್ಲ, ಊರಾಚೆ ಕಳಿಸುವ ಮಾತಿಲ್ಲ. ಅದೇ ಮಾದರಿ ಹೈದರಾಬಾದಿಗೆ ಬಂತು. ಸರ್ಕಾರಿ ಶಾಲೆಗಳಲ್ಲಿ ಖಾಲಿ ಬಿದ್ದ ಕೋಣೆಗಳನ್ನು ರಿಪೇರಿ ಮಾಡಿ ಹೆಣ್ಣುಮಕ್ಕಳಿಗೆ ರೇನ್‌ಬೋ ಹೋಮ್, ಗಂಡುಮಕ್ಕಳಿಗೆ ಸ್ನೇಹ್ ಘರ್ ಮಾಡಿದರು. ಇದನ್ನು ಹಲವು ನಗರಗಳಲ್ಲಿ ನಡೆಸುವ ಸಂಸ್ಥೆಯ ಮುಖ್ಯ ಕಚೇರಿ ಇರುವುದೂ ಹೈದರಾಬಾದಿನಲ್ಲೇ. ಕೂಡಿಹಾಕುವ ಪದ್ಧತಿ ಇಲ್ಲ. ಮಗು ಅಲ್ಲಿ ಇರುವುದು ತನಗೆ ಬೇಕೆಂದು.

ಶಾಲೆಯೊಳಗಿನ ಹಾಸ್ಟೆಲ್ ಒಂದರಲ್ಲಿ ಬೆಳೆದ ಹುಡುಗಿಯೊಬ್ಬಳು ನನ್ನ ಪೇಷೆಂಟ್. ಅವಳಿಗೂ ಆ ಹುಡುಗನಿಗಿದ್ದ ಕಾಯಿಲೆಯೇ. ಅದೇ ಇಂಜೆಕ್ಷನ್. ಅವರ ಹಾಸ್ಟೆಲ್ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ, 21 ದಿನಕ್ಕೊಂದು ಕೆಂಪು ಸುತ್ತು. ಅಲ್ಲಿನ ಅಕ್ಕ ಒಬ್ಬರು ಅವಳನ್ನು ಕರೆತರುತ್ತಾರೆ. ಆರು ವರ್ಷದಲ್ಲಿ ಒಂದು ಇಂಜೆಕ್ಷನ್ ತಪ್ಪಿಲ್ಲ. ಕವಾಟ ಆರು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ. ಇಬ್ಬರಿಗೂ ಔಷಧ ಬರೆದದ್ದು ನಾನೇ. ವ್ಯತ್ಯಾಸ ಇದ್ದದ್ದು ಕ್ಯಾಲೆಂಡರ್ ತೂಗುಹಾಕಲು ಅವಳಿಗೆ ಒಂದು ಗೋಡೆ ಇತ್ತು, ಅವನಿಗೆ ಇರಲಿಲ್ಲ ಎಂಬುದರಲ್ಲಿ.

ಹೊರದೇಶಗಳಲ್ಲೂ ಇದೇ ಅನುಭವ. ಮೊದಲೆಲ್ಲ "ಚಟ ಬಿಡು, ಕೆಲಸ ಹುಡುಕು, ಆಮೇಲೆ ಮನೆ ಕೊಡುತ್ತೇವೆ" ಎನ್ನುತ್ತಿದ್ದರು. ಫಿನ್‌ಲ್ಯಾಂಡ್ 2008ರಿಂದ ಇದನ್ನು ತಿರುವುಹಾಕಿತು. ಮೊದಲು ಮನೆ, ಉಳಿದದ್ದು ಆಮೇಲೆ. ಕೆನಡಾದ ಐದು ನಗರಗಳಲ್ಲಿ ಸುಮಾರು 2,000 ಜನರನ್ನು ಸೇರಿಸಿ ಪರೀಕ್ಷೆ ಮಾಡಿ ನೋಡಿದಾಗ, ಹೀಗೆ ಮನೆ ಸಿಕ್ಕವರು ಮತ್ತೆ ಬೀದಿಗೆ ಬೀಳುವುದು ಬಹಳ ಕಡಿಮೆಯಾಯಿತು. ಆದರೆ ಮನೆ ಸಿಕ್ಕಿತೆಂದು ಚಟ, ಮನಸ್ಸಿನ ಕಾಯಿಲೆ ತಾನಾಗಿ ವಾಸಿಯಾಗಲಿಲ್ಲ. ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಮನೆ ಇದ್ದರೆ ಆ ಚಿಕಿತ್ಸೆ ನಿಲ್ಲಲು ಒಂದು ನೆಲ ಸಿಗುತ್ತದೆ.

*ಹದಿನೆಂಟು ತುಂಬಿದ ಮರುದಿನ*

ನಮ್ಮ ಮಕ್ಕಳಿಗೆ 18 ತುಂಬಿದರೆ ಕೇಕ್ ಕತ್ತರಿಸುತ್ತೇವೆ. ಬಾಲಮಂದಿರದಲ್ಲಿ ಬೆಳೆದ ಮಗುವಿಗೆ ಅದು ಭಯದ ದಿನ. ಕಾನೂನಿನಂತೆ ಅವರು ಮಕ್ಕಳಲ್ಲ, ಹೊರಡಬೇಕು.

ಕಾನೂನು ಇದನ್ನು ಯೋಚಿಸಿಲ್ಲ ಎಂದೇನಿಲ್ಲ. ಬಾಲನ್ಯಾಯ ಕಾಯ್ದೆಯ 46ನೇ ಕಲಮಿನಲ್ಲಿ "ನಂತರದ ಆರೈಕೆ" ಇದೆ. ಮಕ್ಕಳ ಸಂಸ್ಥೆಯಿಂದ ಹೊರಬಂದವರಿಗೆ 18ರಿಂದ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಕೊಡಬಹುದು. 2016ರ ಮಾದರಿ ನಿಯಮಗಳಲ್ಲಿ ಆರರಿಂದ ಎಂಟು ಜನ ಒಟ್ಟಿಗೆ ಇರುವ ತಾತ್ಕಾಲಿಕ ಮನೆ, ತರಬೇತಿ ಕಾಲದಲ್ಲಿ ಸ್ಟೈಪೆಂಡ್, ಸಂಪರ್ಕದಲ್ಲಿರುವ ಆಪ್ತಸಲಹೆಗಾರ, ಸ್ವಂತ ಉದ್ಯೋಗಕ್ಕೆ ಸಾಲ ಎಲ್ಲವನ್ನೂ ಹೇಳಿದ್ದಾರೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ.

ಎರಡು ಕಡೆ ತೊಡಕು. ಒಂದು, ಕಲಮಿನಲ್ಲಿ ಇರುವುದು "ಕೊಡಬಹುದು" ಎಂದು. ಕೇಳದಿದ್ದರೆ, ಅರ್ಜಿ ಹಾಕದಿದ್ದರೆ ತಾನಾಗಿ ಬರುವುದಿಲ್ಲ. ಎಷ್ಟೋ ಮಕ್ಕಳಿಗೆ ಹೀಗೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಎರಡು, ಇದು ಸಂಸ್ಥೆಯಲ್ಲಿ ಬೆಳೆದು ಹೊರಬಂದವರಿಗೆ ಮಾತ್ರ. 18ರೊಳಗೆ ಯಾರ ಕಣ್ಣಿಗೂ ಬೀಳದೆ ಬೀದಿಯಲ್ಲೇ ಬೆಳೆದವರು ಇದರ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಹುಡುಗ ಈ ಸಂದಿಯಲ್ಲಿ ಬಿದ್ದ. ಹದಿನೇಳೂವರೆಯಲ್ಲಿ ನಾನು ಮಾಡದ ಒಂದು ಫೋನಿನ ಬೆಲೆ ಇದು.

*ನಾವೇನು ಮಾಡಬಹುದು?*

"ಇದೆಲ್ಲ ಸರ್ಕಾರದ ಕೆಲಸ ಡಾಕ್ಟ್ರೇ" ಎನ್ನಬೇಡಿ. ದೊಡ್ಡ ಕೆಲಸ ಸರ್ಕಾರದ್ದೇ. ಸಣ್ಣವು ನಮ್ಮ ಕೈಯಲ್ಲಿವೆ.

- *ಒಂಟಿ ಮಗು ಕಂಡರೆ 1098.* 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಉಚಿತ ಸಹಾಯವಾಣಿಯನ್ನು ಈಗ ಸರ್ಕಾರವೇ ನಡೆಸುತ್ತದೆ, 112ರ ಜೊತೆ ಜೋಡಿಸಿದೆ. ರೈಲ್ವೆ ಸ್ಟೇಷನ್ ಆದರೆ ಆರ್.ಪಿ.ಎಫ್. ಸಿಬ್ಬಂದಿಗೂ ಹೇಳಿ. ಮಗುವನ್ನು ನೀವೇ ಮನೆಗೆ ಕರೆದೊಯ್ಯಬೇಡಿ. ಸಹಾಯ ಬರುವವರೆಗೆ ಜೊತೆಗಿರಿ. ವಯಸ್ಸು 16, 17 ಎಂದಾದರೆ "ದೊಡ್ಡವನೇ ಇದ್ದಾನೆ" ಎಂದು ಬಿಡಬೇಡಿ. ಅವರಿಗೇ ಸಮಯ ಕಡಿಮೆ ಇರುವುದು.

- *ಕನ್ನಡ ಮಾತಾಡಿ.* ಬೀದರ್, ವಾಡಿ, ರಾಯಚೂರು ಕಡೆಯ ರೈಲುಗಳಲ್ಲಿ ಬಂದಿಳಿಯುವ ಕೆಲವು ಮಕ್ಕಳಿಗೆ ತೆಲುಗು ಬರುವುದಿಲ್ಲ. ಕಾಚಿಗುಡದಲ್ಲಿ ನಮ್ಮ ಕರ್ನಾಟಕ ಸಾಹಿತ್ಯ ಮಂದಿರ ಇದೆ, ಸ್ಟೇಷನ್ ಕೂಡ ಅಲ್ಲೇ. ಅಲ್ಲಿ ಸೇರುವ ನಮ್ಮಲ್ಲಿ ನಾಲ್ಕು ಜನ ಮಕ್ಕಳ ಸಂಸ್ಥೆಗಳಿಗೆ ನಮ್ಮ ಫೋನ್ ನಂಬರ್ ಕೊಟ್ಟು "ಕನ್ನಡದ ಮಗು ಬಂದರೆ ಕರೆಯಿರಿ" ಎಂದು ಹೇಳಿದರೂ ಸಾಕು. ತನ್ನ ಭಾಷೆ ಕೇಳಿದ ಮಗು ನಿಜವಾದ ಹೆಸರು, ಊರು ಹೇಳುತ್ತದೆ.

- *ವೈದ್ಯರು, ನರ್ಸ್‌ಗಳು, ಫಾರ್ಮಸಿಯವರು:* "ರಾತ್ರಿ ಎಲ್ಲಿ ಮಲಗುತ್ತೀಯಾ? ಔಷಧ ಎಲ್ಲಿ ಇಡುತ್ತೀಯಾ?" ಈ ಎರಡು ಪ್ರಶ್ನೆ ಸೇರಿಸಿಕೊಳ್ಳಿ. ಫೈಲಿನ ಫೋಟೋ ನಿಮ್ಮ ಬಳಿಯೂ ಇರಲಿ. ಫೈಲ್ ಕಳೆದುಕೊಂಡು ಬಂದವರನ್ನು ಬೈಯಬೇಡಿ.

- *ಹೋಟೆಲ್, ಕೇಟರಿಂಗ್, ಅಂಗಡಿ ನಡೆಸುವವರು:* 14ರೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 18 ದಾಟಿದ ಹುಡುಗರಿಗೆ ಕೆಲಸದ ಜೊತೆ ಬೀಗ ಹಾಕುವ ಒಂದು ಪೆಟ್ಟಿಗೆ ಕೊಡಿ. ಸಂಬಳ ಬ್ಯಾಂಕ್ ಖಾತೆಗೆ ಹಾಕಿ. ಕೆಲಸ ಮಾಡುತ್ತಿದ್ದಾನೆ ಎಂದು ಒಂದು ಪತ್ರ ಬರೆದುಕೊಡಿ. ನಿಮಗೆ ಐದು ನಿಮಿಷ, ಅವನಿಗೆ ಅದು ಗುರುತು.

- *ಮನೆ ಬಾಡಿಗೆಗೆ ಕೊಡುವವರು:* ಸಂಸ್ಥೆಯ ಜವಾಬ್ದಾರಿಯಲ್ಲಿ ಬರುವ ಯುವಕ ಯುವತಿಯರಿಗೆ ಇಲ್ಲ ಎನ್ನಬೇಡಿ. ಸಂಸ್ಥೆಯ ಹೆಸರಲ್ಲೇ ಕರಾರು ಮಾಡಿಕೊಳ್ಳಬಹುದು.

- *ಹಣಕ್ಕಿಂತ ಹೆಚ್ಚಾಗಿ ಸಮಯ.* ವಾರಕ್ಕೆ ಒಂದು ಗಂಟೆ ಒಬ್ಬ ಹುಡುಗಿಗೆ ಲೆಕ್ಕ ಹೇಳಿಕೊಡಿ, ಬ್ಯಾಂಕಿಗೆ ಜೊತೆಗೆ ಹೋಗಿ, ಅರ್ಜಿ ತುಂಬಿಸಿ.

*ಬಂದೇ ಬರುವ ಒಂದು ಪ್ರಶ್ನೆ*

"ಎಷ್ಟು ಮಾಡಿದರೂ ಇವರು ಮತ್ತೆ ಓಡಿಹೋಗುತ್ತಾರಲ್ಲ ಡಾಕ್ಟ್ರೇ?" ಹೌದು, ಕೆಲವರು ಹೋಗುತ್ತಾರೆ. ವರ್ಷಗಟ್ಟಲೆ ಯಾರನ್ನೂ ನಂಬದೆ ಬದುಕಿದವರಿಗೆ ನಂಬುವುದು ಒಂದು ವಾರದಲ್ಲಿ ಬರುವುದಿಲ್ಲ. ನನ್ನ ಬಿ.ಪಿ. ಪೇಷೆಂಟ್‌ಗಳೂ ಗುಳಿಗೆ ನಿಲ್ಲಿಸಿ ಓಡಿಹೋಗುತ್ತಾರೆ. ಮನೆ, ಕಾರು, ವಿಮೆ ಎಲ್ಲ ಇರುವವರು. ವಾಪಸ್ ಬಂದಾಗ ಮತ್ತೆ ಬರೆದುಕೊಡುತ್ತೇನೆ. ಬಾಗಿಲು ಹಾಕುವುದಿಲ್ಲ.

*ಆ ಹುಡುಗ ಈಗ*

ಹೃದಯದೊಳಗೆ ಹೆಪ್ಪು ಇಲ್ಲ ಎಂದು ಖಚಿತ ಮಾಡಿಕೊಂಡು, ತೊಡೆಯ ರಕ್ತನಾಳದ ಮೂಲಕ ಬಲೂನ್ ಹಾಕಿ ಅವನ ಕವಾಟ ಅಗಲ ಮಾಡಿದೆವು. ಕಾರ್ಡ್ ಇರಲಿಲ್ಲ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಓಡಾಡಿ ದಾನಿಗಳಿಂದ ಹಣ ಹೊಂದಿಸಿದರು. ಡಿಸ್ಚಾರ್ಜ್ ದಿನ ನಾನು ಮೊದಲ ಸಲ ಸರಿಯಾದ ಪ್ರಶ್ನೆ ಕೇಳಿದೆ: "ಇವನು ಇಲ್ಲಿಂದ ಎಲ್ಲಿಗೆ ಹೋಗುತ್ತಾನೆ?" ಆಕೆಯೇ ಒಂದು ಸಂಸ್ಥೆ ಹುಡುಕಿದರು. ಕಾನೂನಿನ ನೆರವು ಅವನಿಗೆ ಅನ್ವಯಿಸದಿದ್ದರೂ ಅವರು ತಮ್ಮ ದಾನದ ಹಣದಲ್ಲಿ ಸೇರಿಸಿಕೊಂಡರು.

ಈಗ ಅವನಿಗೆ 20. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರು ಹುಡುಗರು. ಸರದಿಯ ಮೇಲೆ ಅಡುಗೆ. ಸೊಪ್ಪು ಪ್ರತಿ ವಾರ ಒಂದೇ ಅಳತೆ, ನನ್ನ ಅಪ್ಪಣೆ. ಭಾರ ಹೊರುವ ಕೆಲಸ ಬಿಡಿಸಿದ್ದೇವೆ. ಅದೇ ಕೇಟರಿಂಗ್‌ನಲ್ಲಿ ಸಾಮಾನು ಲೆಕ್ಕ, ಬಿಲ್ಲಿಂಗ್ ಕಲಿಯುತ್ತಿದ್ದಾನೆ. ಸಂಸ್ಥೆಯ ಪತ್ರದ ಮೇಲೆ ಆಧಾರ್ ವಿಳಾಸ ಆಯಿತು. ಎರಡು ವರ್ಷದಲ್ಲಿ ಒಂದು ಇಂಜೆಕ್ಷನ್ ತಪ್ಪಿಸಿಲ್ಲ.

ಎಲ್ಲ ಸುಖಾಂತ ಎಂದು ಹೇಳಲಾರೆ. ಮುಂದಿನ ವರ್ಷ 21 ತುಂಬಿದರೆ ಆ ಮನೆಯಲ್ಲಿ ಇನ್ನೊಬ್ಬ ಹುಡುಗನಿಗೆ ಜಾಗ ಬಿಡಬೇಕು. ಈಗಿಂದಲೇ ಕೋಣೆ ಹುಡುಕುತ್ತಿದ್ದಾನೆ. ಮೂರು ಮನೆಯವರು ಇಲ್ಲ ಎಂದಿದ್ದಾರೆ. "ನಿನ್ನ ತಂದೆ ಏನ್ ಮಾಡ್ತಾರೆ? ಊರಲ್ಲಿ ಯಾರಿದ್ದಾರೆ?" ಎಂಬ ಪ್ರಶ್ನೆಗೆ ಅವನ ಬಳಿ ಉತ್ತರ ಇಲ್ಲ.

ಹೋದ ಸಲ ಬಂದಾಗ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಕಬ್ಬಿಣದ ಟ್ರಂಕ್, ಅದಕ್ಕೆ ಒಂದು ಬೀಗ. ಒಳಗೆ ಫೈಲು, ಆಧಾರ್, ಎರಡು ಜೊತೆ ಬಟ್ಟೆ, ಮೂಲೆಯಲ್ಲಿ ಔಷಧದ ಡಬ್ಬಿ.

"ಗುಳಗಿ ಇದರಾಗ ಇಟ್ಟೀನ್ರಿ ಸಾಹೇಬ್ರ" ಎಂದ.

ಆ ಟ್ರಂಕ್ ಇಡಲು ಮುಂದಿನ ವರ್ಷ ಒಂದು ಕೋಣೆ ಬೇಕು.

ಈ ಬರಹ ನಿಮ್ಮ ಬಂಧುಗಳಿಗೆ, ಅಪಾರ್ಟ್‌ಮೆಂಟ್ ಗುಂಪುಗಳಿಗೆ, ಮನೆ ಬಾಡಿಗೆಗೆ ಕೊಡುವ ಸ್ನೇಹಿತರಿಗೆ ಕಳಿಸಿ. 1098 ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ನಿಮ್ಮ ಮನೆಯ ಮಕ್ಕಳಿಗೆ ಜ್ವರದ ಜೊತೆ ಗಂಟಲು ನೋವು ಬಂದು, ಕೆಲವು ವಾರದ ನಂತರ ಕೀಲು ನೋವು ಜಾಗ ಬದಲಿಸುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಇಲ್ಲಿ ಹೇಳಿದ ಯಾವ ಔಷಧವನ್ನೂ ವೈದ್ಯರ ಸಲಹೆ ಇಲ್ಲದೆ ತೆಗೆದುಕೊಳ್ಳಬೇಡಿ, ನಿಲ್ಲಿಸಲೂ ಬೇಡಿ.

ಮುಂದಿನ ವಾರ: ಬಿ.ಪಿ. ಗುಳಿಗೆ ಬಗ್ಗೆ ನಿಮ್ಮ ಪ್ರಶ್ನೆಗಳು, ನನ್ನ ಉತ್ತರ.

ಎಲ್ಲರಿಗೂ ಒಳ್ಳೆಯ ಆರೋಗ್ಯ ಇರಲಿ.

— ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ., ಹೈದರಾಬಾದ್